ನರಕೋಶದ ಕಥೆ: ಬಸ್ರಾದಿಂದ ಬೆಂಗಳೂರಿನವರೆಗೆ

ಕಾದ ಕಾವಲಿಗೆ ಬೆರಳು ತಾಗಿದರೆ ನೋವಿನ ಅರಿವಾಗುವ ಮೊದಲೇ ಕೈ ಹಿಂದಕ್ಕೆ ಬಂದಿರುತ್ತದೆ. ಬೆರಳಿನಿಂದ ಹೊರಟ ಸುದ್ದಿಗೆ ಬೆನ್ನುಹುರಿಯಲ್ಲೇ ಉತ್ತರ ಸಿಗುತ್ತದೆ, ಮೆದುಳಿಗೆ ವಿಷಯ ತಲುಪುವುದು ಆಮೇಲೆ. ಈ ಸುದ್ದಿಯನ್ನು ಒಯ್ಯುವುದು ನರಕೋಶ. ಇಷ್ಟನ್ನು ತಿಳಿಯಲು ಮಾನವನಿಗೆ ಸಾವಿರಾರು ವರ್ಷಗಳು ಬೇಕಾದವು.

ನರಗಳು ಪೊಳ್ಳು ನಳಿಕೆಗಳು, ಅವುಗಳಲ್ಲಿ ಸೂಕ್ಷ್ಮವಾದ ಪ್ರಾಣವಾಯು ಹರಿಯುತ್ತದೆ ಎಂದು ಎರಡನೇ ಶತಮಾನದ ವೈದ್ಯ ಗ್ಯಾಲೆನ್ ಬರೆದಿದ್ದ. ಆ ಜ್ಞಾನವನ್ನು ಅರಬಿ ಭಾಷೆಗೆ ತಂದು ಬೆಳೆಸಿದವರು ಮುಸ್ಲಿಂ ಜಗತ್ತಿನ ವಿದ್ವಾಂಸರು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ದುಡಿದ ಇಬ್ನ್ ಅಲ್ ಹೈಸಮ್ ತಮ್ಮ 'ಕಿತಾಬ್ ಅಲ್ ಮನಾಝಿರ್' ಗ್ರಂಥದಲ್ಲಿ ಕಣ್ಣು ಮತ್ತು ದೃಷ್ಟಿ ನರಗಳನ್ನು ವಿವರಿಸಿದರು. 1083ರಲ್ಲಿ ನಕಲು ಮಾಡಿದ ಅದರ ಹಸ್ತಪ್ರತಿಯಲ್ಲಿರುವ ಚಿತ್ರವು ನರವ್ಯೂಹದ ಅತ್ಯಂತ ಹಳೆಯ ಚಿತ್ರಗಳಲ್ಲಿ ಒಂದು. ಇಬ್ನ್ ಸೀನಾರ 'ಅಲ್ ಖಾನೂನ್' ಅಪಸ್ಮಾರವನ್ನು ಒಂದು ಕಾಯಿಲೆಯೆಂದೇ ಚರ್ಚಿಸಿತು. ಲ್ಯಾಟಿನ್‌ಗೆ ಅನುವಾದಗೊಂಡ ಈ ಗ್ರಂಥ ಯುರೋಪಿನಲ್ಲಿ ಶತಮಾನಗಳ ಕಾಲ ಪಠ್ಯವಾಗಿತ್ತು.

ಆದರೆ ಕೋಶವನ್ನು ಕಾಣಲು ಸೂಕ್ಷ್ಮದರ್ಶಕ ಬರಬೇಕಾಯಿತು. 1873ರಲ್ಲಿ ಇಟಲಿಯ ಕ್ಯಾಮಿಲ್ಲೊ ಗಾಲ್ಜಿ ಬೆಳ್ಳಿಯ ಲವಣ ಬಳಸಿ ಕೆಲವೇ ನರಕೋಶಗಳು ಕಪ್ಪಾಗಿ ಎದ್ದು ಕಾಣುವಂತೆ ಮಾಡಿದರು. ಅವೆಲ್ಲ ಒಂದಕ್ಕೊಂದು ಬೆಸೆದ ಬಲೆ ಎಂಬುದು ಅವರ ನಂಬಿಕೆ. 1888ರಲ್ಲಿ ಸ್ಪೇನಿನ ಸ್ಯಾಂಟಿಯಾಗೊ ರಮೊನ್ ಇ ಕಹಾಲ್ ಅದೇ ವಿಧಾನವನ್ನು ಸುಧಾರಿಸಿ, ಪ್ರತಿ ನರಕೋಶವೂ ಬೇರೆ ಬೇರೆ ಎಂದು ತೋರಿಸಿದರು. 1906ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರೂ ಹಂಚಿಕೊಂಡರು. ಆ ವೇದಿಕೆಯಲ್ಲೂ ಗಾಲ್ಜಿ ತಮ್ಮ ವಾದ ಬಿಡಲಿಲ್ಲ! 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೋಶಗಳ ನಡುವಿನ ಬಿರುಕನ್ನು ತೋರಿಸಿದಾಗ ಕಹಾಲ್ ಹೇಳಿದ್ದು ಸರಿಯೆಂದು ದೃಢಪಟ್ಟಿತು.

ನರಕೋಶಕ್ಕೆ ಮುಖ್ಯವಾಗಿ ಮೂರು ಭಾಗಗಳು. ಮರದ ಕೊಂಬೆಗಳಂತಿರುವ ಡೆಂಡ್ರೈಟ್‌ಗಳು ಸುದ್ದಿಯನ್ನು ಪಡೆಯುತ್ತವೆ, ಕೋಶಕಾಯ ಅದನ್ನು ಒಟ್ಟುಗೂಡಿಸುತ್ತದೆ, ಉದ್ದನೆಯ ಆಕ್ಸಾನ್ ಮುಂದಕ್ಕೆ ಸಾಗಿಸುತ್ತದೆ. ಸೋಡಿಯಂ ಅಯಾನುಗಳು ಒಳನುಗ್ಗಿ, ಪೊಟ್ಯಾಸಿಯಂ ಅಯಾನುಗಳು ಹೊರಬರುವುದರಿಂದ ವಿದ್ಯುತ್ ಸಂಕೇತ ಹರಿಯುತ್ತದೆ. ಇದನ್ನು ಹಾಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಗಣಿತದ ಮೂಲಕ ವಿವರಿಸಿದರು. ಸಿನಾಪ್ಸ್ ಎಂಬ ಸಂಧಿಯಲ್ಲಿ ಸಾಮಾನ್ಯವಾಗಿ ರಾಸಾಯನಿಕ ವಸ್ತುವು ಬಿರುಕನ್ನು ದಾಟಿ ಸುದ್ದಿ ಮುಟ್ಟಿಸುತ್ತದೆ. ನಮ್ಮ ಮೆದುಳಿನಲ್ಲಿ ಇಂತಹ ಕೋಶಗಳು ಸುಮಾರು 8,600 ಕೋಟಿ.

ನಮ್ಮ ನಾಡಿಗೂ ಈ ಕಥೆಯಲ್ಲಿ ಪಾಲಿದೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಅಲ್ಲಿನ ಅಂಗರಚನಾ ಸಂಗ್ರಹಾಲಯವನ್ನು ಸಾರ್ವಜನಿಕರೂ ನೋಡಬಹುದು. ಬೆಂಗಳೂರಿನಲ್ಲಿ 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. 1995ರಲ್ಲಿ ಅಲ್ಲಿ ಮೆದುಳು ಬ್ಯಾಂಕ್ ಆರಂಭವಾಯಿತು. ಕುಟುಂಬಗಳ ಒಪ್ಪಿಗೆಯಿಂದ ದೊರೆತ ಮೆದುಳುಗಳು ಅಲ್ಲಿ ಸಂಶೋಧನೆಗೆ ನೆರವಾಗುತ್ತಿವೆ.

ಇದೆಲ್ಲ ಪರೀಕ್ಷೆಯ ಅಂಕಗಳಿಗಷ್ಟೇ ಬೇಕಾದ ವಿಷಯವಲ್ಲ. ಅನೇಕ ನರಕೋಶಗಳು ಒಮ್ಮೆಲೇ ಹತೋಟಿ ಮೀರಿ ಸಂಕೇತ ಹೊರಡಿಸಿದಾಗ ಬರುವುದೇ ಅಪಸ್ಮಾರದ ಸೆಳವು. ಅದು ದೆವ್ವದ ಕಾಟವಲ್ಲ, ಅಂಟುರೋಗವೂ ಅಲ್ಲ. ಕೈಗೆ ಕಬ್ಬಿಣ ಕೊಡುವುದರಿಂದ ಅದು ನಿಲ್ಲುವುದಿಲ್ಲ. ಸರಿಯಾದ ಚಿಕಿತ್ಸೆ ದೊರೆತರೆ ಶೇಕಡಾ 70ರಷ್ಟು ರೋಗಿಗಳು ಸೆಳವಿಲ್ಲದೆ ಬದುಕಬಲ್ಲರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೂ ನಮ್ಮ ದೇಶದ ಹಿಂದೂ ವಿವಾಹ ಕಾಯ್ದೆ ಹಾಗೂ ವಿಶೇಷ ವಿವಾಹ ಕಾಯ್ದೆಗಳಲ್ಲಿ ಅಪಸ್ಮಾರವು ಮದುವೆಗೆ ಅಡ್ಡಿ ಎಂಬ ಮಾತು 1999ರ ತಿದ್ದುಪಡಿಯವರೆಗೂ ಉಳಿದಿತ್ತು. ಕಾನೂನಿನಿಂದ ಹೋದ ಕಳಂಕ ಮನೆಗಳಿಂದ ಇನ್ನೂ ಪೂರ್ತಿ ಹೋಗಿಲ್ಲ. ಕಾಯಿಲೆಯನ್ನು ಮುಚ್ಚಿಟ್ಟು ಮಗುವಿನ ಶಾಲೆ ಬಿಡಿಸುವ ಹೆತ್ತವರು ಇಂದಿಗೂ ಇದ್ದಾರೆ.

ಉಡುಪಿ, ಕಾಪು, ಕಾರ್ಕಳದ ವಿದ್ಯಾರ್ಥಿ ಮಿತ್ರರೇ, ನರಕೋಶದ ಪಾಠವನ್ನು ಪುಸ್ತಕದಲ್ಲೇ ಬಿಡಬೇಡಿ. ನೆರೆಮನೆಯಲ್ಲಿ ಯಾರಿಗಾದರೂ ಸೆಳವು ಬಂದರೆ ಅವರನ್ನು ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಐದು ನಿಮಿಷದಲ್ಲಿ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಸಾಗಿಸಿ. ಇದು ಕಾಯಿಲೆ, ಇದಕ್ಕೆ ಮದ್ದಿದೆ ಎಂದು ಆ ಮನೆಯವರಿಗೆ ಧೈರ್ಯ ಹೇಳಿ. ಕಲಿತ ವಿದ್ಯೆ ಸಾರ್ಥಕವಾಗುವುದು ಅಲ್ಲಿಯೇ.