ಹವ್ಯಾಸಿ ಗಾಲ್ಫ್ ಆಟಗಾರನೂ ಬಹುಮಾನದ ಹಣವೂ

ಆಟಪಾಟಗಳ ಚರಿತ್ರೆ ಸಂಶೋಧನೆಗೆ ತಕ್ಕ ವಿಷಯವೇ ಎಂದು ಕೆಲವರು ಶಂಕಿಸಬಹುದು. ಆದರೆ ಒಂದು ಸಮಾಜವು ಯಾರ ದುಡಿಮೆಯನ್ನು ಗೌರವಿಸಿತು, ಯಾರ ದುಡಿಮೆಯನ್ನು ಕೀಳೆಂದು ಬಗೆಯಿತು ಎಂಬುದು ಅದರ ಆಟದ ನಿಯಮಗಳಲ್ಲಿಯೂ ಅಚ್ಚೊತ್ತಿರುತ್ತದೆ. ಗಾಲ್ಫ್ ಆಟದ ಹವ್ಯಾಸಿ ನಿಯಮವು ಇದಕ್ಕೆ ಒಳ್ಳೆಯ ನಿದರ್ಶನ.

2024ನೆಯ ಜನವರಿ 21ರಂದು ಕ್ಯಾಲಿಫೋರ್ನಿಯದ ಲಾ ಕ್ವಿಂಟದಲ್ಲಿ ಮುಗಿದ ಅಮೆರಿಕನ್ ಎಕ್ಸ್‌ಪ್ರೆಸ್ ಪಂದ್ಯಾವಳಿಯಲ್ಲಿ ನಿಕ್ ಡನ್ಲಪ್ ಎಂಬ ಇಪ್ಪತ್ತು ವರ್ಷದ ಕಾಲೇಜು ವಿದ್ಯಾರ್ಥಿ ವೃತ್ತಿ ಆಟಗಾರರೆಲ್ಲರನ್ನೂ ಸೋಲಿಸಿದನು. ಕಡಿಮೆ ಹೊಡೆತಗಳಲ್ಲಿ ಆಟ ಮುಗಿಸಿದವನೇ ಗೆದ್ದವನೆಂಬುದು ಗಾಲ್ಫಿನ ಕ್ರಮ. ಇವನಿಗೂ ಎರಡನೆಯವನಾದ ದಕ್ಷಿಣ ಆಫ್ರಿಕದ ಕ್ರಿಸ್ಟಿಯಾನ್ ಬೆಜೈಡೆನ್‌ಹೌಟನಿಗೂ ಇದ್ದ ಅಂತರ ಒಂದೇ ಹೊಡೆತ. ಮೊದಲ ಬಹುಮಾನ 15,12,000 ಡಾಲರು. ಡನ್ಲಪ್ ಹವ್ಯಾಸಿಯಾಗಿದ್ದುದರಿಂದ ಅಷ್ಟು ಹಣವೂ ಬೆಜೈಡೆನ್‌ಹೌಟನಿಗೆ ಸಂದಿತು. ಇಂಥದು ಹಿಂದೆಯೂ ನಡೆದಿದೆ. 1991ರಲ್ಲಿ ಫಿಲ್ ಮಿಕಲ್ಸನ್, 2009ರ ಐರಿಷ್ ಓಪನ್‌ನಲ್ಲಿ ಶೇನ್ ಲೌರಿ, 2012 ಮತ್ತು 2013ರ ಕೆನಡದ ಮಹಿಳಾ ಓಪನ್‌ನಲ್ಲಿ ಲಿಡಿಯ ಕೋ ಹೀಗೆಯೇ ಗೆದ್ದು ಬರಿಗೈಯಲ್ಲಿ ಹಿಂದಿರುಗಿದರು. ಲಿಡಿಯ ಕೋ ಮೊದಲ ಸಲ ಗೆದ್ದಾಗ ಆಕೆಗೆ ಹದಿನೈದೇ ವರ್ಷ. ಗೆದ್ದವರಿಗೆ ಕೀರ್ತಿ, ಸೋತವರಿಗೆ ಸಂಪತ್ತು ಎಂಬ ಈ ಏರ್ಪಾಡು ನ್ಯಾಯವೇ? ಉತ್ತರಿಸುವ ಮೊದಲು ಈ ಏರ್ಪಾಡು ಎಲ್ಲಿಂದ ಬಂದಿತೆಂಬುದನ್ನು ನೋಡಬೇಕು.

ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ 1860ರಲ್ಲಿ ಓಪನ್ ಪಂದ್ಯಾವಳಿ ಆರಂಭವಾದಾಗ ಆಡಿದವರು ಎಂಟು ಮಂದಿ, ಎಲ್ಲರೂ ವೃತ್ತಿಯವರು. ಮರುವರ್ಷ ಹವ್ಯಾಸಿಗಳಿಗೂ ಪ್ರವೇಶ ದೊರಕಿತು. ಮೊದಮೊದಲು ಗೆದ್ದವನಿಗೆ ಒಂದು ವರ್ಷ ಇಟ್ಟುಕೊಳ್ಳಲು ಚರ್ಮದ ಪಟ್ಟಿಯೊಂದನ್ನು ಕೊಡುತ್ತಿದ್ದರೇ ಹೊರತು ಹಣವಿರಲಿಲ್ಲ. 1863ರಲ್ಲಿ ಹತ್ತು ಪೌಂಡುಗಳನ್ನು ಗೊತ್ತುಮಾಡಿ ಅದನ್ನು ಎರಡನೆಯ, ಮೂರನೆಯ, ನಾಲ್ಕನೆಯ ಸ್ಥಾನದವರಿಗೆ ಹಂಚಿದರು. ಗೆದ್ದವನಿಗೆ ಪಟ್ಟಿ, ಹಿಂದುಳಿದವರಿಗೆ ಹಣ! ಇಂದಿನ ವಿಚಿತ್ರಕ್ಕೆ ಇಷ್ಟು ಹಳೆಯ ಪೂರ್ವರೂಪವಿದ್ದುದು ಆಕಸ್ಮಿಕವಾದರೂ ಗಮನಾರ್ಹ. ಗೆದ್ದವನಿಗೆ ಆರು ಪೌಂಡು ದೊರೆತುದು 1864ರಲ್ಲಿ.

ಹವ್ಯಾಸಿ ಎಂದರೆ ಯಾರು ಎಂಬ ಪ್ರಶ್ನೆ ತೀಕ್ಷ್ಣವಾದುದು 1885ರಲ್ಲಿ. ಆ ವರ್ಷ ಇಂಗ್ಲೆಂಡಿನ ಹಾಯ್‌ಲೇಕ್‌ನಲ್ಲಿ ರಾಯಲ್ ಲಿವರ್‌ಪೂಲ್ ಕ್ಲಬ್ಬು ಹವ್ಯಾಸಿಗಳ ಪಂದ್ಯಾವಳಿಯನ್ನು ಏರ್ಪಡಿಸಿತು. ಡಗ್ಲಸ್ ರೋಲಂಡ್ ಎಂಬಾತನೂ ಪ್ರವೇಶ ಕೋರಿದನು. ಈತ ಸ್ಕಾಟ್ಲೆಂಡಿನ ಫೈಫ್ ಸೀಮೆಯವನು, ಕಸುಬಿನಿಂದ ಕಲ್ಲುಕುಟಿಗ. ಹಿಂದಿನ ವರ್ಷದ ಓಪನ್‌ನಲ್ಲಿ ಎರಡನೆಯ ಸ್ಥಾನವನ್ನು ಹಂಚಿಕೊಂಡು ಬಹುಮಾನದ ಹಣ ಪಡೆದಿದ್ದನೆಂಬ ಕಾರಣದಿಂದ ಅವನಿಗೆ ಪ್ರವೇಶವನ್ನು ನಿರಾಕರಿಸಲಾಯಿತು. ಅದೇ ಪಂದ್ಯಾವಳಿಯಲ್ಲಿ ಆಡಿದವರಲ್ಲಿ ಹಾಯ್‌ಲೇಕ್‌ನ ಜಾನ್ ಬಾಲ್ ಒಬ್ಬನು. ಇವನ ತಂದೆ ಅಲ್ಲಿನ ರಾಯಲ್ ಹೋಟೆಲಿನ ಒಡೆಯ. ಕ್ಲಬ್ಬಿನ ಮೊದಲ ನೆಲೆಯೂ ಆ ಹೋಟೆಲೇ. ಬಾಲನೂ 1878ರ ಓಪನ್‌ನಲ್ಲಿ, ಇನ್ನೂ ಹುಡುಗನಾಗಿದ್ದಾಗ, ನಾಲ್ಕನೆಯ ಸ್ಥಾನವನ್ನು ಹಂಚಿಕೊಂಡು ಸಣ್ಣ ಮೊತ್ತವೊಂದನ್ನು ಪಡೆದಿದ್ದನು. ಆದರೂ ಅವನಿಗೆ ಅಡ್ಡಿಯಾಗಲಿಲ್ಲ.

ಮುಂದೆ ರೂಪುಗೊಂಡ ಹವ್ಯಾಸಿಯ ಲಕ್ಷಣವನ್ನು ಓದಿದರೆ ಈ ಇಬ್ಬರ ನೆನಪು ಬಾರದಿರದು. ಕೋಲು, ಚೆಂಡುಗಳನ್ನು ಮಾರಾಟಕ್ಕಾಗಿ ಮಾಡಿದವನು ಹವ್ಯಾಸಿಯಲ್ಲ. ಹದಿನೈದು ವರ್ಷ ತುಂಬಿದ ಮೇಲೆ ಕೂಲಿಗಾಗಿ ಇತರರ ಕೋಲುಗಳನ್ನು ಹೊತ್ತವನು ಹವ್ಯಾಸಿಯಲ್ಲ. ಪಾಠ ಹೇಳಿ ಹಣ ಪಡೆದವನಂತೂ ಅಲ್ಲವೇ ಅಲ್ಲ. ಬಹುಮಾನದ ಹಣದ ವಿಷಯಕ್ಕೆ ಬಂದಾಗ ಮಾತ್ರ ನಿಯಮವು ಮೃದುವಾಗುತ್ತದೆ: 1886ರ ಸೆಪ್ಟೆಂಬರಿಗೆ ಹಿಂದಿನ ಐದು ವರ್ಷಗಳಲ್ಲಿ ಪಡೆದಿರದಿದ್ದರೆ ಸಾಕು. ಲೆಕ್ಕಹಾಕಿ ನೋಡಿದರೆ ಬಾಲನ 1878 ಗೆರೆಯ ಹೊರಗೂ ರೋಲಂಡನ 1884 ಗೆರೆಯ ಒಳಗೂ ಬೀಳುತ್ತವೆ. ಬಾಲನಿಗಾಗಿಯೇ ಈ ಗೆರೆಯನ್ನು ಎಳೆದರೆಂದು ನಾವು ಸಾಧಿಸಹೊರಟಿಲ್ಲ. ಆದರೆ ಕೈಕಸುಬಿನವನನ್ನೂ ಕೂಲಿಯವನನ್ನೂ ಹೊರಗಿಡುವಲ್ಲಿ ಕಟುವಾಗಿದ್ದ ನಿಯಮವು ಉಳ್ಳವರ ಮನೆಯ ಹುಡುಗನ ವಿಷಯದಲ್ಲಿ ಉದಾರವಾಗಿ ಪರಿಣಮಿಸಿತೆಂಬುದು ಸ್ಪಷ್ಟ. ಬಾಲನ ಆಟದ ಹಿರಿಮೆಗೆ ಇದರಿಂದ ಕುಂದಿಲ್ಲ; 1890ರಲ್ಲಿ ಓಪನ್ ಗೆದ್ದ ಮೊದಲ ಹವ್ಯಾಸಿ ಅವನೇ, ಹವ್ಯಾಸಿಗಳ ಪಂದ್ಯಾವಳಿಯನ್ನಂತೂ ಎಂಟು ಸಲ ಗೆದ್ದನು.

ಈ ನಿಯಮದ ನೆರಳು ಅಮೆರಿಕಕ್ಕೂ ಚಾಚಿತು. 1913ರಲ್ಲಿ ಬ್ರೂಕ್‌ಲೈನ್‌ನಲ್ಲಿ ವಾರ್ಡನ್, ರೇ ಎಂಬ ಆಂಗ್ಲ ಘಟಾನುಘಟಿಗಳನ್ನು ಸೋಲಿಸಿದ ಫ್ರಾನ್ಸಿಸ್ ವೀಮೆಟ್ ಹಿಂದೆ ಅದೇ ಮೈದಾನದಲ್ಲಿ ಕ್ಯಾಡಿಯಾಗಿದ್ದವನು. 1916ರಲ್ಲಿ, ಆಟದ ಸಾಮಾನಿನ ಅಂಗಡಿಯಲ್ಲಿ ಪಾಲುದಾರನೆಂಬ ನೆವದಿಂದ, ಅವನ ಹವ್ಯಾಸಿ ಸ್ಥಾನವನ್ನೇ ಕಿತ್ತುಕೊಂಡರು. ಎರಡು ವರ್ಷದ ಮೇಲೆ ಹಿಂದಿರುಗಿಸಿದರು. ನಮ್ಮ ದೇಶದಲ್ಲಿ 1965ರ ಇಂಡಿಯನ್ ಓಪನ್ ಅನ್ನು ಗೆದ್ದ ಪ್ರೇಮ್ ಗೋಪಾಲ್ ಸೇಠಿಯವರೂ ಹವ್ಯಾಸಿಯೇ.

ಇತರ ಆಟಗಳು ಈ ತೊಡಕಿನಿಂದ ಎಂದೋ ಬಿಡಿಸಿಕೊಂಡವು. ಇಂಗ್ಲೆಂಡಿನ ಕ್ರಿಕೆಟ್ 1962ರ ಕೊನೆಯಲ್ಲಿ ಹವ್ಯಾಸಿ-ವೃತ್ತಿ ಭೇದವನ್ನೇ ಅಳಿಸಿತು. 1968ರಲ್ಲಿ ಟೆನ್ನಿಸ್ ಎಲ್ಲರಿಗೂ ತೆರೆಯಿತು. ಆ ವರ್ಷ ಅಮೆರಿಕದ ಓಪನ್ ಗೆದ್ದ ಆರ್ಥರ್ ಆ್ಯಶ್ ಹವ್ಯಾಸಿಯಾಗಿದ್ದುದರಿಂದ 14,000 ಡಾಲರು ಸೋತ ಟಾಮ್ ಓಕರನ ಪಾಲಾಯಿತು. ಗಾಲ್ಫ್ ಮಾತ್ರ ಹಳೆಯ ಗೆರೆಯನ್ನು ಉಳಿಸಿಕೊಂಡಿತು. ಆದರೆ 2022ನೆಯ ಜನವರಿಯಿಂದ ಜಾರಿಗೆ ಬಂದ ನಿಯಮಗಳಲ್ಲಿ ಆ ಗೆರೆಯೂ ಬಹುಮಟ್ಟಿಗೆ ಮಾಸಿದೆ. ಈಗ ಹವ್ಯಾಸಿಯು ತನ್ನ ಹೆಸರನ್ನೂ ಚಿತ್ರವನ್ನೂ ಜಾಹೀರಾತಿಗೆ ಕೊಟ್ಟು ಎಷ್ಟು ಹಣವನ್ನಾದರೂ ಪಡೆಯಬಹುದು. ಬಹುಮಾನವಾಗಿ ಮಾತ್ರ 1,000 ಡಾಲರನ್ನು, ಅಥವಾ 700 ಪೌಂಡನ್ನು, ಮೀರುವಂತಿಲ್ಲ. ವೀಮೆಟನ ಅಪರಾಧವು ಇಂದು ಅಪರಾಧವೇ ಅಲ್ಲ. ಕೀರ್ತಿಯನ್ನು ಮಾರಬಹುದು, ಆ ಕೀರ್ತಿಯನ್ನು ತಂದ ಗೆಲುವಿನ ಫಲವನ್ನು ಮುಟ್ಟಕೂಡದು ಎಂಬ ನಿಲವಿಗೆ ಯಾವ ಆಧಾರವಿದೆಯೋ ನಮಗೆ ಕಾಣದು.

ಎದುರು ಪಕ್ಷದ ವಾದವನ್ನು ಅಲ್ಲಗಳೆಯಲಾಗದು. ವೃತ್ತಿ ಆಟಗಾರನು ಖರ್ಚನ್ನೆಲ್ಲ ತಾನೇ ಹೊತ್ತು, ಸೋತರೆ ಬರಿಗೈ ಎಂಬ ಎಣಿಕೆಯಿಂದ ಕಣಕ್ಕಿಳಿಯುತ್ತಾನೆ. ಹವ್ಯಾಸಿಗೆ ಆ ಭಯವಿಲ್ಲ. ಗೆದ್ದಾಗ ಹಣವನ್ನೂ, ಸೋತಾಗ ಹವ್ಯಾಸಿಯ ಸೌಕರ್ಯವನ್ನೂ ಅವನಿಗೆ ಒದಗಿಸುವುದು ಪಕ್ಷಪಾತವೆನಿಸಬಹುದು. ಡನ್ಲಪ್ ಹವ್ಯಾಸಿಯಾಗಿಯೇ ಆಡಲು ಒಪ್ಪಿ ಬಂದವನೆಂಬುದೂ ನಿಜ. ಆದರೆ ಎರಡನೆಯವನಿಗೆ ಎರಡನೆಯ ಬಹುಮಾನ ಸಿಕ್ಕರೆ ಅವನಿಗೆ ಯಾವ ಅನ್ಯಾಯವೂ ಇಲ್ಲ. ಅವನ ಆಟಕ್ಕೆ ತಕ್ಕ ಬೆಲೆ ಅದೇ ತಾನೆ?

ಆದುದರಿಂದ ಆಯ್ಕೆಯ ಕಾಲವನ್ನು ಪಂದ್ಯದ ಅನಂತರಕ್ಕೆ ತರುವುದು ಉಚಿತವೆಂದು ನಾವು ಭಾವಿಸುತ್ತೇವೆ. ಹವ್ಯಾಸಿಯು ಗೆದ್ದ ಹಣವನ್ನು ಪಂದ್ಯಾವಳಿಯವರು ಒಂದು ತಿಂಗಳ ಕಾಲ ಕಾದಿರಿಸಲಿ. ಅಷ್ಟರೊಳಗೆ ಅವನು ವೃತ್ತಿಗೆ ಸೇರಿದರೆ ಹಣ ಅವನದು. ಹವ್ಯಾಸಿಯಾಗಿಯೇ ಉಳಿಯಲು ಬಯಸಿದರೆ ಈಗಿನಂತೆ ಮುಂದಿನವರಿಗೆ ಸಲ್ಲಲಿ. ಒಂದು ತಿಂಗಳ ಗಡುವು ಕಡಿಮೆಯಾಯಿತೆಂದು ಆಕ್ಷೇಪಿಸುವವರೂ ಇರಬಹುದು. ಡನ್ಲಪ್ ವೃತ್ತಿ ಆಟಗಾರನಾಗುವೆನೆಂದು ಪ್ರಕಟಿಸಿದುದು ಗೆದ್ದ ನಾಲ್ಕೇ ದಿನಗಳಲ್ಲಿ.