ಗ್ರಂಥಶೋಧಕರ ಸ್ಮರಣೆ: ಹಾಡುವಳ್ಳಿ ಮತ್ತು ಗೇರುಸೊಪ್ಪೆಗಳ ಹಿನ್ನೆಲೆಯಲ್ಲಿ

ಒಂದು ಗ್ರಂಥವು ಕರ್ತೃವಿನ ಕೈಯಿಂದ ಹೊರಬಿದ್ದ ಮಾತ್ರಕ್ಕೆ ಪ್ರಮಾಣವಾಗುವುದಿಲ್ಲ. ವಿದ್ವಾಂಸರು ಪರೀಕ್ಷಿಸಿ, ದೋಷಗಳನ್ನು ಕಳೆದ ಮೇಲೆಯೇ ಅದು ಲೋಕಗ್ರಾಹ್ಯವಾಗುತ್ತದೆ ಎಂಬುದು ಜೈನಾಚಾರ್ಯರ ಪ್ರಾಚೀನ ಮತ. ಪೂರ್ವಾಪರವಿರೋಧವೇನಾದರೂ ಕಂಡುಬಂದಲ್ಲಿ ಸಮಯಜ್ಞರು ಅದನ್ನು ನಿವಾರಿಸಿ ಪೂರ್ಣಗೊಳಿಸಬೇಕೆಂದು ಕುಂದಕುಂದಾಚಾರ್ಯರು 'ನಿಯಮಸಾರ'ದ ಕೊನೆಯಲ್ಲಿ ಬಿನ್ನವಿಸಿದ್ದಾರೆ. ನೇಮಿಚಂದ್ರಮುನಿಗಳು 'ದ್ರವ್ಯಸಂಗ್ರಹ'ದ ಅಂತ್ಯಗಾಥೆಯಲ್ಲಿ ಶ್ರುತಪೂರ್ಣರಾದ ಮುನಿನಾಥರೇ ಕೃತಿಯನ್ನು ಶೋಧಿಸಲೆಂದು ಪ್ರಾರ್ಥಿಸಿದ್ದಾರೆ. ಇವನ್ನು ಕೇವಲ ವಿನಯೋಕ್ತಿಗಳೆಂದು ಭಾವಿಸುವಂತಿಲ್ಲ. ಏಕೆಂದರೆ ಹೀಗೆ ಶೋಧಿಸಿದವರ ಹೆಸರುಗಳು ಕೆಲವೆಡೆ ಗ್ರಂಥಗಳಲ್ಲಿಯೇ ಉಳಿದುಬಂದಿವೆ.

11ನೆಯ ಶತಮಾನದಲ್ಲಿ ಅಂಗಾಗಮಗಳಿಗೆ ವೃತ್ತಿಗಳನ್ನು ಬರೆದ ಶ್ವೇತಾಂಬರಾಚಾರ್ಯ ಅಭಯದೇವಸೂರಿಗಳು, ಅವನ್ನು ಅಣಹಿಲಪಾಟಕದ ದ್ರೋಣಾಚಾರ್ಯರು ಪರಿಶೋಧಿಸಿದರೆಂದು ಪ್ರಶಸ್ತಿಗಳಲ್ಲಿ ಕೃತಜ್ಞತೆಯಿಂದ ಹೇಳಿಕೊಂಡಿದ್ದಾರೆ. ಶೋಧಕರು ಬೇರೊಂದು ಕುಲಕ್ಕೆ ಸೇರಿದವರಾಗಿದ್ದರೆಂಬುದು ಗಮನಾರ್ಹ. ಕನ್ನಡದಲ್ಲಿಯೂ ಇದಕ್ಕೆ ನಿದರ್ಶನವುಂಟು. 1331ರಲ್ಲಿ 'ಪುಣ್ಯಾಸ್ರವ'ವನ್ನು ರಚಿಸಿದ ನಾಗರಾಜನ ಕೃತಿಯನ್ನು ಆರ್ಯಸೇನನು ತಿದ್ದಿದನು. ಆ ಹೆಸರು ಗ್ರಂಥದಲ್ಲಿ ಉಳಿಯದಿದ್ದರೆ ಆರ್ಯಸೇನನ ಶ್ರಮವು ನಾಗರಾಜನ ಕೀರ್ತಿಯಲ್ಲಿಯೇ ಕರಗಿಹೋಗುತ್ತಿತ್ತು.

ಈ ದೃಷ್ಟಿಯಿಂದ ಇಂದಿನ ಉತ್ತರ ಕನ್ನಡ ಜಿಲ್ಲೆಯ ಕರಾವಳಿಯನ್ನು ಪರಿಶೀಲಿಸುವುದು ಉಚಿತ. ಭಟ್ಕಳ ತಾಲೂಕಿನ ಹಾಡುವಳ್ಳಿ, ಅಂದರೆ ಸಂಗೀತಪುರ, ಮತ್ತು ಹೊನ್ನಾವರ ತಾಲೂಕಿನ ಗೇರುಸೊಪ್ಪೆ ಇಲ್ಲಿಯ ಮುಖ್ಯ ಜೈನ ವಿದ್ಯಾಕೇಂದ್ರಗಳಾಗಿದ್ದವು. ಕುಮಟಾ ತಾಲೂಕಿನ ಮಿರ್ಜಾನ ಕೋಟೆಯೂ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಸೇರಿಕೊಂಡಿದೆ. 16ನೆಯ ಶತಮಾನದಲ್ಲಿ ಈ ಪ್ರದೇಶದ ವಿದ್ವತ್ಪರೀಕ್ಷೆಯು ರಾಜಸಭೆಗಳಲ್ಲಿ ನಡೆಯುತ್ತಿತ್ತು. ವಾದಿ ವಿದ್ಯಾನಂದರು ಶ್ರೀರಂಗಪಟ್ಟಣ, ಕಾರ್ಕಳ, ಬಿಳಿಗಿ ಮುಂತಾದೆಡೆಗಳಲ್ಲಿಯೂ ಸಾಳ್ವ ಅರಸರ ಆಸ್ಥಾನಗಳಲ್ಲಿಯೂ ವಾದದಲ್ಲಿ ಪಡೆದ ಮನ್ನಣೆಯನ್ನು ಹುಂಚದ ಶಾಸನವು (ನಗರ 46) ವಿಸ್ತಾರವಾಗಿ ವರ್ಣಿಸುತ್ತದೆ. ಸಾಳ್ವಮಲ್ಲನ ಆಶ್ರಯದಲ್ಲಿದ್ದ ಸಾಳ್ವಕವಿಯು 'ಭಾರತ', 'ರಸರತ್ನಾಕರ'ಗಳನ್ನು ರಚಿಸಿದ್ದೂ ಇದೇ ವಾತಾವರಣದಲ್ಲಿ. ಆದರೆ ಸಭೆಯಲ್ಲಿ ಗೆದ್ದವನಿಗೆ ಶಾಸನ ದೊರೆಯುತ್ತದೆ. ಓಲೆಯ ಮುಂದೆ ಕುಳಿತು ಮೌನವಾಗಿ ತಿದ್ದಿದವನಿಗೆ ಗ್ರಂಥಾಂತ್ಯದ ಒಂದು ಪಂಕ್ತಿಯೇ ಶಾಸನ.

ಸಂಗೀತಪುರದ ಅಕಲಂಕದೇವರ ಶಿಷ್ಯರಾದ ಭಟ್ಟಾಕಳಂಕದೇವರು 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವನ್ನು ಮುಗಿಸಿದರು. ಸಂಸ್ಕೃತದಲ್ಲಿರುವ 592 ಸೂತ್ರಗಳಿಗೆ ಅವರೇ 'ಭಾಷಾಮಂಜರಿ' ಎಂಬ ವೃತ್ತಿಯನ್ನೂ 'ಮಂಜರೀಮಕರಂದ'ವೆಂಬ ವ್ಯಾಖ್ಯಾನವನ್ನೂ ರಚಿಸಿದ್ದಾರೆ. ಕನ್ನಡವು ಶಾಸ್ತ್ರಕ್ಕೆ ಯೋಗ್ಯವಾದ ಭಾಷೆಯೇ ಎಂಬ ಶಂಕೆಗೆ, 96,000 ಗ್ರಂಥಪ್ರಮಾಣದ 'ಚೂಡಾಮಣಿ' ವ್ಯಾಖ್ಯಾನವು ಆ ಭಾಷೆಯಲ್ಲಿ ಉಂಟೆಂದು ಉತ್ತರವಿತ್ತಿದ್ದಾರೆ. ಪರೀಕ್ಷಕನು ಎತ್ತಬಹುದಾದ ಆಕ್ಷೇಪವನ್ನು ಕರ್ತೃವೇ ಮೊದಲು ಎತ್ತಿ ಪರಿಹರಿಸುವ ಈ ಕ್ರಮವೂ ಶೋಧನೆಯ ಒಂದು ಅಂಗವೇ. 1890ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ ಈ ಗ್ರಂಥವನ್ನು 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದರು, ಅಲ್ಲಿಗೆ ಶೋಧನಕಾರ್ಯವು ಮೂರು ಶತಮಾನಗಳನ್ನು ದಾಟಿ ಮುಂದುವರಿದಂತಾಯಿತು.

ಇಂದಿನ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನ ಲೇಖನಗಳನ್ನು ತಜ್ಞರಿಂದ ಪರೀಕ್ಷಿಸುವ ಪದ್ಧತಿಯುಂಟು. ಪರೀಕ್ಷಕರ ಹೆಸರು ಲೇಖಕನಿಗೆ ಸಾಮಾನ್ಯವಾಗಿ ಗುಪ್ತವಾಗಿರುತ್ತದೆ. ಆದರೂ ಅನೇಕ ಪತ್ರಿಕೆಗಳು ವರ್ಷಕ್ಕೊಮ್ಮೆ ಅವರೆಲ್ಲರ ಹೆಸರುಗಳನ್ನು ಅಚ್ಚುಮಾಡಿ ವಂದನೆ ಸಲ್ಲಿಸುತ್ತವೆ. ಅಭಯದೇವಸೂರಿಗಳ ಪ್ರಶಸ್ತಿಯೂ ನಾಗರಾಜನ ಸ್ಮರಣೆಯೂ ಇದಕ್ಕಿಂತ ನೇರವಾದವು: ತಿದ್ದಿದವನಾರೆಂಬುದು ತಿದ್ದಿಸಿಕೊಂಡವನಿಗೂ ಗೊತ್ತು, ಓದುವವನಿಗೂ ಗೊತ್ತು.

ಇದರಿಂದ ಹಸ್ತಪ್ರತಿಶಾಸ್ತ್ರಕ್ಕೆ ಒಂದು ಕರ್ತವ್ಯವು ಒದಗುತ್ತದೆ. ಸೂಚಿಗಳಲ್ಲಿ ಕರ್ತೃ, ಲಿಪಿಕಾರ, ಶಾಸ್ತ್ರದಾನ ಮಾಡಿಸಿದ ಶ್ರಾವಕ ಇವರೊಡನೆ ಶೋಧಕನ ಹೆಸರಿಗೂ ಪ್ರತ್ಯೇಕ ಸ್ಥಾನವಿರಬೇಕು. ಪ್ರಶಸ್ತಿಯ ಪದ್ಯಗಳನ್ನು ಕಾಲನಿರ್ಣಯಕ್ಕಾಗಿ ಮಾತ್ರ ಓದಿ ಬಿಡದೆ, 'ಶೋಧಿಸಿದ', 'ತಿರ್ದಿದ' ಎಂಬ ಕ್ರಿಯಾಪದಗಳಿರುವಲ್ಲಿ ನಿಂತು ನೋಡಬೇಕು. ಪ್ರತಿಯ ಅಂಚಿನಲ್ಲಿ ಬೇರೆ ಕೈಬರಹದ ತಿದ್ದುಪಡಿಗಳಿದ್ದರೆ ಅವನ್ನೂ ದಾಖಲಿಸಬೇಕು. ಕೊನೆಯ ಓಲೆ ಮುರಿದರೆ ಅದರೊಡನೆ ಶೋಧಕನ ಹೆಸರೂ ಅಳಿಯುತ್ತದೆ. ಕರ್ತೃವಿನ ಹೆಸರಿನಂತೆ ಆಶ್ವಾಸಾಂತ್ಯಗಳಲ್ಲಿ ಅದು ಮತ್ತೆ ಮತ್ತೆ ಬರುವುದಿಲ್ಲ.