ಮಾತಾಡದ ಗೊಂಬೆಗಳು ಮತ್ತು ಅಮ್ಮನ ಚಿಲ್ಲರೆ

ಮೊನ್ನೆ ಭಾನುವಾರ ಅಟ್ಟದ ಮೇಲಿದ್ದ ರಟ್ಟಿನ ಪೆಟ್ಟಿಗೆ ಇಳಿಸಿ ಧೂಳು ಹೊಡೀತಾ ಇದ್ದೆ. ಹಳೇ ಚಾರ್ಜರುಗಳು, ಯಾವ ಫೋನಿಗೂ ಆಗದ ಕೇಬಲ್ಲುಗಳು, ಅದರ ನಡುವೆ ಒಂದು ಡಿವಿಡಿ. 'ಲೆಗೋ ಹ್ಯಾರಿ ಪಾಟರ್: ಇಯರ್ಸ್ 1–4'. ಈಗಿರೋ ಕಂಪ್ಯೂಟರಿನಲ್ಲಿ ಡಿವಿಡಿ ಹಾಕೋಕೆ ಜಾಗವೇ ಇಲ್ಲ. ಆದ್ರೂ ಎಸೆಯೋಕೆ ಮನಸ್ಸು ಬರಲಿಲ್ಲ. ಯಾಕೆ ಅಂತ ಹೇಳೋಕೆ ಹೊರಟರೆ ಕಥೆ ಡೆನ್ಮಾರ್ಕಿನ ಒಬ್ಬ ಬಡಗಿಯಿಂದ ಶುರುವಾಗಿ ನಮ್ಮಮ್ಮನ ತನಕ ಬರತ್ತೆ. ಸ್ವಲ್ಪ ಉದ್ದ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ.

ಆ ಆಟ ಬಂದದ್ದು 2010ರ ಜೂನ್‌ನಲ್ಲಿ. ನಾನು ಕೊಂಡದ್ದು ಮರುವರ್ಷ, ಅಕ್ಕನ ಮಗ ಬೇಸಿಗೆ ರಜೆಗೆ ಬೆಂಗಳೂರಿಗೆ ಬಂದಾಗ. ಅವನಿಗಾಗ ಏಳು ವರ್ಷ. ಅವನನ್ನ ಕರ್ಕೊಂಡು ಸಾಗರದಿಂದ ಅಮ್ಮನೂ ಬಂದಿದ್ದಳು. ನಾನು ಪುಸ್ತಕ ಓದಿದ್ದೆ, ಸಿನಿಮಾನೂ ನೋಡಿದ್ದೆ. ಹುಡುಗ ಟಿವಿಯಲ್ಲಿ ಅರ್ಧಂಬರ್ಧ ನೋಡಿದ್ದ. ಅಮ್ಮನಿಗೆ ಹ್ಯಾರಿ ಪಾಟರ್ ಅನ್ನೋದು ಮನುಷ್ಯನ ಹೆಸರೋ ಅಂಗಡಿ ಹೆಸರೋ ಅದೂ ಗೊತ್ತಿರಲಿಲ್ಲ. ಇಂಗ್ಲಿಷ್ ಅವಳಿಗೆ ಬರಲ್ಲ.

ಅವಳು ಪಕ್ಕದಲ್ಲಿ ಕೂತು ಬೀನ್ಸ್ ಮುರೀತಾ ಇದ್ದಳು. ಪರದೆ ಮೇಲೆ ಗಡ್ಡದ ದೈತ್ಯನೊಬ್ಬ ಹಾರೋ ಮೋಟಾರ್‌ಬೈಕಿನಲ್ಲಿ ಒಂದು ಮಗು ತಂದ, ಮುದುಕನೊಬ್ಬ ಅದನ್ನ ಯಾರದೋ ಮನೆ ಬಾಗಿಲಲ್ಲಿ ಬಿಟ್ಟ. ಎಲ್ಲರೂ ಪ್ಲಾಸ್ಟಿಕ್ ಗೊಂಬೆಗಳೇ. ಅಮ್ಮನ ಕೈ ನಿಂತಿತು. "ಅಯ್ಯೋ, ಕೂಸನ್ನ ಚಳೀಲಿ ಹೊಸ್ತಿಲ ಮೇಲೆ ಇಟ್ಟು ಹೋದ್ರಲ್ಲೋ!" ಅಂದಳು.

ನಾನು ಯಾವ ವಿವರಣೆಯನ್ನೂ ಕೊಟ್ಟಿರಲಿಲ್ಲ. ಕೊಡೋ ಅಗತ್ಯವೇ ಬೀಳಲಿಲ್ಲ, ಯಾಕಂದ್ರೆ ಆ ಆಟದಲ್ಲಿ ಯಾರೂ ಮಾತಾಡಲ್ಲ. 'ಹ್ಞೂಂ', 'ಆಹ್', 'ಉಹುಂ' ಅಷ್ಟೇ. ಉಳಿದದ್ದೆಲ್ಲ ಹುಬ್ಬು, ಕೈಸನ್ನೆ, ಹೆಗಲು ಕುಣಿಸೋದು. ಅಮ್ಮ 'ಪುಷ್ಪಕ ವಿಮಾನ' ನೋಡಿದವಳು, 1987ರಲ್ಲಿ ಸಿಂಗೀತಂ ಶ್ರೀನಿವಾಸರಾಯರು ಮಾಡಿದ ಮಾತಿಲ್ಲದ ಸಿನಿಮಾ. "ಹಂಗೇ ಉಂಟು ಇದು" ಅಂತ ತೀರ್ಪು ಕೊಟ್ಟಳು. ಆಟ ಸಾಗೋಕೆ ಬೇಕಾದ ಸೂಚನೆಗಳು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಬರ್ತಿದ್ವು, ಅವನ್ನ ನಾನು ಓದಿ ಹೇಳ್ತಿದ್ದೆ. ಕಥೆ ಮಾತ್ರ ನೇರವಾಗಿ ಅವಳಿಗೇ ತಲುಪುತ್ತಿತ್ತು.

ಇಷ್ಟು ಚೆನ್ನಾಗಿ ಮೂಗರಾಗಿರೋದನ್ನ ಈ ಗೊಂಬೆಗಳು ಎಲ್ಲಿ ಕಲಿತವು ಅಂತ ಆಮೇಲೆ ಹುಡುಕ್ತಾ ಹೋದೆ. ಸ್ವಾರಸ್ಯ ಇರೋದೇ ಅಲ್ಲಿ.

ಡೆನ್ಮಾರ್ಕಿನ ಬಿಲ್ಲುಂಡ್ ಅನ್ನೋ ಹಳ್ಳಿಯಲ್ಲಿ ಓಲೆ ಕಿರ್ಕ್ ಕ್ರಿಶ್ಚಿಯನ್ಸನ್ ಅಂತ ಒಬ್ಬ ಬಡಗಿ. 1924ರಲ್ಲಿ ಅವನ ಇಬ್ಬರು ಚಿಕ್ಕ ಮಕ್ಕಳು ಆಡ್ತಾ ಆಡ್ತಾ ಮರದ ಚೂರಿಗೆ ಬೆಂಕಿ ತಾಗಿಸಿ ಮನೆಯೂ ಕಾರ್ಯಾಗಾರವೂ ಸುಟ್ಟುಹೋದವು. ಮತ್ತೆ ಕಟ್ಟಿದ. ಜಗತ್ತಿಗೆಲ್ಲ ಆರ್ಥಿಕ ಹೊಡೆತ ಬಿದ್ದ ಕಾಲದಲ್ಲಿ ಮನೆ ಕಟ್ಟಿಸೋರು ಇಲ್ಲದಂತಾಗಿ, 1932ರಲ್ಲಿ ಮರದ ಆಟಿಕೆ ಮಾಡೋಕೆ ಶುರು ಮಾಡಿದ. 'ಚೆನ್ನಾಗಿ ಆಡು' ಅನ್ನೋ ಅರ್ಥದ ಎರಡು ಡೇನಿಶ್ ಪದಗಳನ್ನ ಕೂಡಿಸಿ 'ಲೆಗೋ' ಅಂತ ಹೆಸರಿಟ್ಟ. 1942ರಲ್ಲಿ ಮತ್ತೆ ಬೆಂಕಿ, ಮತ್ತೆ ಕಟ್ಟಿದ. 1960ರಲ್ಲಿ ಮರದ ಆಟಿಕೆಗಳ ಉಗ್ರಾಣಕ್ಕೇ ಬೆಂಕಿ ಬಿತ್ತು. ಅಷ್ಟು ಹೊತ್ತಿಗೆ ಓಲೆ ಕಿರ್ಕ್ ತೀರಿಕೊಂಡಿದ್ದ, ಅವನ ಮಗ ಗಾಡ್‌ಫ್ರೆಡ್ 'ಸಾಕು' ಅಂತ ಮರದ ಸಹವಾಸವನ್ನೇ ಬಿಟ್ಟ. 1924ರ ಬೆಂಕಿ ಹಚ್ಚಿದ ಇಬ್ಬರಲ್ಲಿ ಒಬ್ಬ ಇವನೇ ಅನ್ನೋದನ್ನ ನೆನಪಿಟ್ಕೊಳ್ಳಿ :-)

ಪ್ಲಾಸ್ಟಿಕ್ ಇಟ್ಟಿಗೆ ಪೂರ್ತಿ ಅವರ ತಲೆಯಿಂದ ಬಂದದ್ದೂ ಅಲ್ಲ. ಇಂಗ್ಲೆಂಡಿನ ಹಿಲರಿ ಪೇಜ್ ಅನ್ನೋ ಆಟಿಕೆ ತಯಾರಕ ತನ್ನ ಕಿಡ್ಡಿಕ್ರಾಫ್ಟ್ ಕಂಪನಿಯಿಂದ ಒಂದಕ್ಕೊಂದು ಕಚ್ಚಿಕೊಳ್ಳೋ ಪ್ಲಾಸ್ಟಿಕ್ ಇಟ್ಟಿಗೆ ಮೊದಲೇ ಮಾಡಿದ್ದ. ಅದರ ಮಾದರಿ ನೋಡಿಯೇ ಲೆಗೋ 1949ರಲ್ಲಿ ತನ್ನದನ್ನ ಮಾಡಿತು. ಪೇಜ್ 1957ರಲ್ಲಿ ತೀರಿಕೊಂಡ. ಕಿಡ್ಡಿಕ್ರಾಫ್ಟ್ ಇಟ್ಟಿಗೆಯ ಹಕ್ಕುಗಳನ್ನ ಲೆಗೋ ಕೊಂಡದ್ದು 1981ರಲ್ಲಿ. ಇದನ್ನ ಕಳ್ಳತನ ಅನ್ನೋಕೆ ನನಗೆ ಬಾಯಿ ಬರಲ್ಲ, ಆದ್ರೆ ಲೆಗೋ ಕಥೆ ಹೇಳೋ ಹೆಚ್ಚಿನವರು ಪೇಜ್ ಹೆಸರನ್ನ ಬಿಟ್ಟುಬಿಡೋದು ಸರಿಯಲ್ಲ ಅಂತ ಅನಿಸತ್ತೆ.

ಲೆಗೋದವರು ನಿಜಕ್ಕೂ ಸೇರಿಸಿದ್ದು ಏನು? ಅದು ಗೊತ್ತಾಗಬೇಕಾದ್ರೆ ನಮ್ಮ ಕಾಲದ ಜಾತ್ರೆ ಬ್ಲಾಕ್ಸ್ ನೆನಪು ಮಾಡ್ಕೊಳ್ಳಿ. ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಅಪ್ಪ ಒಂದು ಪ್ಲಾಸ್ಟಿಕ್ ಚೀಲದ ತುಂಬ ಕೊಡಿಸಿದ್ದರು. ನಾಲ್ಕು ಸಾಲು ಗೋಡೆ ಏರಿಸೋ ಹೊತ್ತಿಗೆ ಯಾರಾದ್ರೂ ಸೀನಿದರೆ ಮನೆ ನೆಲಸಮ. ಶುರುವಿನ ಲೆಗೋ ಇಟ್ಟಿಗೆಯದ್ದೂ ಇದೇ ಪಾಡು, ಒಳಗೆಲ್ಲ ಟೊಳ್ಳು. ಗಾಡ್‌ಫ್ರೆಡ್ ಆ ಟೊಳ್ಳಿನೊಳಗೆ ಸಣ್ಣ ಕೊಳವೆಗಳನ್ನ ಇಟ್ಟ. ಕೆಳಗಿನ ಇಟ್ಟಿಗೆಯ ಉಬ್ಬು, ಮೇಲಿನದರ ಕೊಳವೆ ಮತ್ತು ಗೋಡೆಯ ನಡುವೆ ಬಿಗಿಯಾಗಿ ಸಿಕ್ಕಿಕೊಳ್ತು. ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28. ಇವತ್ತಿನ ಇಟ್ಟಿಗೆ ಅವತ್ತಿನ ಇಟ್ಟಿಗೆಗೆ ಈಗಲೂ ಕೂಡತ್ತೆ. ಎಂಟು ಉಬ್ಬಿನ ಒಂದೇ ಬಣ್ಣದ ಆರು ಇಟ್ಟಿಗೆ ಕೊಟ್ಟರೆ 91,51,03,765 ರೀತಿ ಜೋಡಿಸಬಹುದು ಅಂತ ಗಣಿತದವರು ಲೆಕ್ಕ ಹಾಕಿದ್ದಾರೆ. ನಾನು ಎಣಿಸಿ ನೋಡಿಲ್ಲ.

1978ರಲ್ಲಿ ಕೈಕಾಲು ಆಡಿಸೋ ಪುಟ್ಟ ಮನುಷ್ಯ ಗೊಂಬೆ ಬಂತು. ಹಳದಿ ಮುಖ, ಎರಡು ಚುಕ್ಕಿ ಕಣ್ಣು, ನಗುವಿನ ಒಂದು ಗೆರೆ. ಮೂಗಿಲ್ಲ. ನಮ್ಮ ಮೂಗರ ವಂಶ ಇಲ್ಲಿಂದ ಶುರು.

ಹಾಗಿದ್ದ ಕಂಪನಿ ಸಿನಿಮಾ ಕಡೆ ತಿರುಗಿದ್ದು 1999ರಲ್ಲಿ, ಸ್ಟಾರ್ ವಾರ್ಸ್ ಮೂಲಕ. ಯುದ್ಧದ ಆಟಿಕೆ ಮಾಡಲ್ಲ ಅನ್ನೋ ಮಡಿಯವರಾಗಿದ್ದ ಮನೆಯೊಳಗೆ ಅದಕ್ಕೆ ಸಾಕಷ್ಟು ವಿರೋಧ ಇತ್ತು. 2001ರಲ್ಲಿ ಹ್ಯಾರಿ ಪಾಟರ್ ಸೆಟ್ಟುಗಳು ಬಂದವು. ಸಿನಿಮಾ ಬಂದ ವರ್ಷ ಮಾರಾಟ, ಬರದ ವರ್ಷ ನೆಲಕಚ್ಚು. 2003, 2004ರಲ್ಲಿ ಲೆಗೋ ದೊಡ್ಡ ನಷ್ಟಕ್ಕೆ ಬಿದ್ದು ಮುಳುಗೋ ಹಂತಕ್ಕೆ ಬಂತು. ಯೋರ್ಗನ್ ವಿಗ್ ಕ್ನುಡ್‌ಸ್ಟೋರ್ಪ್ ಅನ್ನೋ ಕುಟುಂಬದ ಹೊರಗಿನವರು ಬಂದು ಬೇಡದ್ದನ್ನೆಲ್ಲ ಕತ್ತರಿಸಿದರು. ಹೊತ್ತು ಸಾಲದ ಹಾಗೆ ತಾವೇ ಹೊರತರುತ್ತಿದ್ದ ವಿಡಿಯೋಗೇಮ್ ವ್ಯವಹಾರವೂ ಆ ಕಾಲದಲ್ಲೇ ಮುಚ್ಚಿತು. ಅಲ್ಲಿಂದ ಹೊರಬಿದ್ದ ಕೆಲವರು ಜೈಂಟ್ ಇಂಟರಾಕ್ಟಿವ್ ಅಂತ ಸಣ್ಣ ಕಂಪನಿ ಮಾಡಿಕೊಂಡು, ಇಂಗ್ಲೆಂಡಿನ ನಟ್ಸ್‌ಫರ್ಡ್ ಪಟ್ಟಣದ ಟ್ರಾವೆಲರ್ಸ್ ಟೇಲ್ಸ್ ಜೊತೆ ಸೇರಿದರು. 2005ರಲ್ಲಿ 'ಲೆಗೋ ಸ್ಟಾರ್ ವಾರ್ಸ್' ಬಂತು. ಮೂರನೇ ಸಿನಿಮಾ ಚಿತ್ರಮಂದಿರಕ್ಕೆ ಬರೋ ಮೊದಲೇ ಅದರ ಕಥೆಯನ್ನ ಈ ಮೂಗರು ಹೇಳಿಬಿಟ್ಟಿದ್ದರು!

ಇಟ್ಟಿಗೆ ಹುಟ್ಟಿದ ಇಂಗ್ಲೆಂಡಿಗೇ ಅದು ಸುತ್ತಿ ಬಂದು ಆಟವಾಯ್ತು ಅನ್ನೋದು ನನಗೆ ಖುಷಿ ಕೊಡೋ ಸಂಗತಿ. ಅಲ್ಲಿನವರು ಮಾಡಿದ ಮುಖ್ಯ ಕೆಲಸ ಅಂದ್ರೆ ಸಿನಿಮಾದ ಸಂಭಾಷಣೆ ಪೂರ್ತಿ ತೆಗೆದುಹಾಕಿ ಅಭಿನಯ ಒಂದನ್ನೇ ಉಳಿಸಿಕೊಂಡದ್ದು. ಮಾತು ಇಲ್ಲದಿದ್ರೆ ತಮಾಷೆ ತಾನಾಗಿ ಬರತ್ತೆ. 2006ರ ಎರಡನೇ ಆಟದಲ್ಲಿ ಡಾರ್ತ್ ವೇಡರ್ ತಾನು ಯಾರು ಅಂತ ಮಗನಿಗೆ ತಿಳಿಸೋದು ಒಂದು ಫೋಟೋ ತೋರಿಸಿ. ಸಿನಿಮಾದಲ್ಲಿ ಎದೆ ನಡುಗಿಸೋ ಜಾಗ, ಇಲ್ಲಿ ಮದುವೆ ಮನೆಯಲ್ಲಿ ಆಲ್ಬಂ ತೆಗೆದ ಹಾಗೆ.

ಹ್ಯಾರಿ ಪಾಟರ್‌ಗೆ ಬರೋ ಹೊತ್ತಿಗೆ ಅವರ ಕೈ ಪಳಗಿತ್ತು. ನಾಲ್ಕು ಸಿನಿಮಾಗಳ ಕಥೆ, 24 ಹಂತಗಳು, ಅವುಗಳ ನಡುವೆ ಪೂರ್ತಿ ಹಾಗ್ವಾರ್ಟ್ಸ್ ಶಾಲೆ ತಿರುಗೋಕೆ. ಮೊದಲ ವಾರ ನಾನೂ ಹುಡುಗನೂ ಆಡಿದ್ವಿ. ಅಮ್ಮ ನೋಡ್ತಾ ಇದ್ದಳು. ಅವಳಿಗೆ ತಡೆಯೋಕಾಗದೆ ಹೋದದ್ದು ಬಿಲ್ಲೆಗಳ ವಿಷಯದಲ್ಲಿ. ಆಟದಲ್ಲಿ ಕುರ್ಚಿ, ದೀಪ, ಹೂಕುಂಡ ಯಾವುದಕ್ಕೆ ಮಂತ್ರ ಹೊಡೆದ್ರೂ ಅದು ಒಡೆದು ಬಿಲ್ಲೆ ಉದುರತ್ತೆ. ಬೆಳ್ಳಿಯದು 10, ಚಿನ್ನದ್ದು 100, ನೀಲಿ 1000. ಸ್ವಲ್ಪ ಹೊತ್ತಲ್ಲಿ ಮಾಯ ಆಗತ್ತೆ. "ಬಿದ್ದ ಚಿಲ್ಲರೆ ಬಿಟ್ಟು ಹೋಗ್ತೀರಲ್ಲೋ, ಕೊಡಿಲ್ಲಿ" ಅಂತ ಬೀನ್ಸ್ ತಟ್ಟೆ ಬದಿಗಿಟ್ಟು ನನ್ನ ಕೈಯಿಂದ ಗೇಮ್‌ಪ್ಯಾಡ್ ತಗೊಂಡೇಬಿಟ್ಟಳು. ಅಲ್ಲಿಂದ ಮುಂದೆ ಹುಡುಗ ಹ್ಯಾರಿ, ಅಮ್ಮ ರಾನ್. ನಾನು ಬೀನ್ಸ್.

ಯಾರು ಬೇಕಾದ್ರೂ ನಡುವೆ ಸೇರಬಹುದು, ನಡುವೆ ಎದ್ದು ಹೋಗಬಹುದು. ಕುಕ್ಕರ್ ಕೂಗಿದ್ರೆ ಅಮ್ಮ ಏಳ್ತಿದ್ದಳು, ಅವಳ ರಾನ್ ಕಂಪ್ಯೂಟರಿನ ಕೈಗೆ ಹೋಗ್ತಿದ್ದ. ಸಾಯೋದು ಅಂತ ಇಲ್ಲ. ನಾಲ್ಕು ಹೃದಯ ಖಾಲಿ ಆದ್ರೆ ಗೊಂಬೆ ಚೂರಾಗಿ ಒಂದಷ್ಟು ಚಿಲ್ಲರೆ ಚೆಲ್ಲತ್ತೆ, ಮತ್ತೆ ಅಲ್ಲೇ ಜೋಡಣೆಯಾಗಿ ನಿಲ್ಲತ್ತೆ. ಚೆಲ್ಲಿದ್ದನ್ನ ಬೇಗ ಹೆಕ್ಕಿಕೊಂಡ್ರೆ ನಷ್ಟವೂ ಇಲ್ಲ. ಮೊದಲ ಲೆಗೋ ಆಟಗಳಲ್ಲಿ ಇಬ್ಬರಿಗೂ ಒಂದೇ ಪರದೆ, ಒಬ್ಬರು ಮುಂದೆ ಹೋದ್ರೆ ಇನ್ನೊಬ್ಬರನ್ನ ಎಳ್ಕೊಂಡು ಹೋದ ಹಾಗೆ. ಇದರಲ್ಲಿ ಇಬ್ಬರು ದೂರ ಆದ್ರೆ ಪರದೆ ನಡುವೆ ಓರೆಯಾಗಿ ಸೀಳ್ತಿತ್ತು, ಹತ್ತಿರ ಬಂದ್ರೆ ಗೆರೆ ಅಳಿಸಿಹೋಗ್ತಿತ್ತು. ಅಮ್ಮ ಅದಕ್ಕೆ 'ಪಾಲಾಯ್ತು', 'ಒಟ್ಟಾಯ್ತು' ಅಂತಿದ್ದಳು. ನಮ್ಮ ಮನೆಯಲ್ಲಿ ಪಾಲಾಗಿ ಆಗ ಎರಡು ವರ್ಷ ಆಗಿತ್ತಷ್ಟೆ. ಅವಳು ನಗ್ತಾನೇ ಹೇಳಿದ್ದು, ನನಗೆ ಮಾತ್ರ ಚುರುಕ್ ಅಂತು.

ರಾನ್ ಹತ್ತಿರ ಒಂದು ಇಲಿ ಇರತ್ತೆ. ಗೋಡೆಯಲ್ಲಿನ ಕೊಳವೆಯೊಳಗೆ ಅದನ್ನ ನುಗ್ಗಿಸಿ ಆಚೆ ಕಡೆಯ ಕೆಲಸ ಮಾಡಿಸಬೇಕು. ಆ ಇಲಿ ಅಂದ್ರೆ ಅಮ್ಮನಿಗೆ ಅಷ್ಟಿಷ್ಟಲ್ಲದ ಅಭಿಮಾನ. ಮೂರನೇ ವರ್ಷದ ಕಥೆಯಲ್ಲಿ ಅದೇ ಇಲಿ ಮನುಷ್ಯನಾಗಿ ನಿಂತಿತು. ಹ್ಯಾರಿಯ ಅಪ್ಪ ಅಮ್ಮನನ್ನ ಹಿಡಿದುಕೊಟ್ಟವನು ಅವನೇ. ಒಂದು ಮಾತೂ ಇಲ್ಲ, ಬರೀ ನಟನೆ. ಅಮ್ಮ ಗೇಮ್‌ಪ್ಯಾಡ್ ತೊಡೆ ಮೇಲಿಟ್ಟಳು. "ಇಷ್ಟು ದಿನ ನಾನೇ ಸಾಕಿದ್ನಲ್ಲೋ ಇವನನ್ನ!" ಪುಸ್ತಕ ಓದಿದಾಗ ನನಗೆ ಇದು ಜಾಣ ತಿರುವು ಅನಿಸಿತ್ತು, ಅಷ್ಟೇ. ನಿಜವಾಗಿ ಮೋಸ ಹೋದವರ ಮುಖ ನೋಡಿದ್ದು ಅವತ್ತು.

ಆ ವರ್ಷದ ನವೆಂಬರಿನಲ್ಲಿ ಉಳಿದ ಸಿನಿಮಾಗಳ ಆಟವೂ ಬಂತು, ಅದನ್ನೂ ಆಡಿ ಮುಗಿಸಿದರು. ಮುಂದಿನದ್ದು ಲಾರ್ಡ್ ಆಫ್ ದಿ ರಿಂಗ್ಸ್. ಅಷ್ಟರಲ್ಲಿ ಒಂದು ಬದಲಾವಣೆ ಆಗಿತ್ತು. 2012ರ 'ಲೆಗೋ ಬ್ಯಾಟ್‌ಮನ್ 2'ರಲ್ಲಿ ಈ ಸರಣಿಯ ಗೊಂಬೆಗಳು ಮೊದಲ ಸಲ ಬಾಯಿ ಬಿಟ್ಟವು. ಅದೇ ವರ್ಷದ ಕೊನೆಗೆ ಬಂದ ಲಾರ್ಡ್ ಆಫ್ ದಿ ರಿಂಗ್ಸ್‌ನಲ್ಲಿ ಪೀಟರ್ ಜಾಕ್ಸನ್ ಸಿನಿಮಾಗಳ ನಟರ ಧ್ವನಿಯನ್ನೇ ಎತ್ತಿ ಹಾಕಿದ್ದರು. ಆಟ ಅದ್ಭುತ, ಸುಳ್ಳು ಹೇಳಲ್ಲ. ಶೈರ್‌ನಿಂದ ಮೊರ್ಡೋರ್ ತನಕ ನಡೆದೇ ಹೋಗಬಹುದು, ಹಿನ್ನೆಲೆಗೆ ಹೋವರ್ಡ್ ಶೋರ್ ಸಂಗೀತ. ಗಂಭೀರ ದನಿಗೂ ಗೊಂಬೆಗಳ ಕೋತಿಚೇಷ್ಟೆಗೂ ತಾಳ ತಪ್ಪೋದರಲ್ಲೇ ಒಂದು ಮಜಾ. ಅದೊಂದು ಮುನ್ನಡೆ ಅಂದವರೇ ಜಾಸ್ತಿ.

ಅಮ್ಮ ಹತ್ತು ನಿಮಿಷ ಕೂತಳು. ಆಮೇಲೆ "ಇವರೇನೋ ಹೇಳ್ತಾ ಇದ್ದಾರೆ, ನಂಗೆ ಗೊತ್ತಾಗ್ತಿಲ್ಲ, ನೀವು ಆಡಿ" ಅಂತ ಎದ್ದು ಹೋದಳು. ಆಟದ ತಪ್ಪಲ್ಲ. ನಾನು ಪಕ್ಕದಲ್ಲಿ ಕೂತು ಹೇಳ್ತೀನಿ ಅಂದೆ. "ಬೇಡ ಬಿಡು, ನಿಂಗೆ ತೊಂದ್ರೆ" ಅಂದಳು. ಮಾತಿಲ್ಲದ ಆಟದಲ್ಲಿ ನಾವು ಮೂವರೂ ಒಂದೇ ಸಮ. ಮಾತು ಬಂದ ಕ್ಷಣ ಅವಳಿಗೆ ದುಭಾಷಿ ಬೇಕಾದ, ಅದು ಅವಳಿಗೆ ಬೇಡವಾಗಿತ್ತು.

2014ರಲ್ಲಿ 'ಲೆಗೋ ದಿ ಹಾಬಿಟ್' ಬಂತು. ನಿರೂಪಣೆಗೆ ಕ್ರಿಸ್ಟೋಫರ್ ಲೀ ಅವರ ದನಿ. ಆಟದಲ್ಲಿದ್ದದ್ದು ಮೊದಲ ಎರಡು ಸಿನಿಮಾದ ಕಥೆ ಮಾತ್ರ. ಮೂರನೆಯದನ್ನ ಆಮೇಲೆ ಸೇರಿಸ್ತಾರೆ ಅಂತ ಎಲ್ಲರೂ ಕಾದರು, 2015ರಲ್ಲಿ 'ಇಲ್ಲ' ಅಂದ್ರು. ಡ್ರ್ಯಾಗನ್ ಊರು ಸುಡೋಕೆ ಹಾರಿದ್ದು ಇವತ್ತಿಗೂ ಆಕಾಶದಲ್ಲೇ ಇದೆ. ನಾನು ಆಡಿದ್ದು ಒಬ್ಬನೇ, ಹುಡುಗ ಅಷ್ಟು ಹೊತ್ತಿಗೆ ಕ್ರಿಕೆಟ್‌ಗೆ ಹೋಗಿಬಿಟ್ಟಿದ್ದ.

2022ರಲ್ಲಿ ಒಂಬತ್ತು ಸ್ಟಾರ್ ವಾರ್ಸ್ ಸಿನಿಮಾಗಳನ್ನ ಒಟ್ಟಿಗೆ ಕಟ್ಟಿದ 'ದಿ ಸ್ಕೈವಾಕರ್ ಸಾಗಾ' ಬಂದಾಗ ಅದರಲ್ಲೊಂದು ಆಯ್ಕೆ ಇಟ್ಟಿದ್ದರು. ಅದನ್ನ ಒತ್ತಿದ್ರೆ ಎಲ್ಲರ ಮಾತೂ ನಿಂತು ಹಳೇ 'ಹ್ಞೂಂ', 'ಆಹ್' ಶುರು. ನನ್ನ ಥರದವರು ಬೇರೆ ಕಡೆಯೂ ಇದ್ದರು ಅಂತಾಯ್ತು.

ಹ್ಯಾರಿ ಪಾಟರ್ ಆಟಗಳೆರಡೂ ಸೇರಿ 2018ರಲ್ಲಿ ನಿಂಟೆಂಡೋ ಸ್ವಿಚ್‌ಗೂ ಬಂದವು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಮಗ ಅದನ್ನ ತಂದಿದ್ದ. ಈಗ ಅವನಿಗೆ ಮೀಸೆ ಬಂದಿದೆ, ಇಂಜಿನಿಯರಿಂಗ್ ಮುಗಿಸ್ತಾ ಇದ್ದಾನೆ. ಟಿವಿಗೆ ಜೋಡಿಸಿ, ಏನೂ ಹೇಳದೆ ಒಂದು ಪ್ಯಾಡ್ ಅಜ್ಜಿಯ ಕೈಗಿಟ್ಟ. ಅಮ್ಮ ಕನ್ನಡಕ ಸರಿಮಾಡ್ಕೊಂಡು ಪರದೆ ನೋಡಿದಳು, ಕೆಂಪು ಕೂದಲಿನ ಹುಡುಗನ ಗುರುತು ಹಿಡಿದಳು.

"ಇವ್ನನ್ನ ಬೇಡ ಮಾರಾಯ, ಆ ಇಲಿ ಇವನ ಹತ್ರವೇ ಅಲ್ವಾ ಇದ್ದದ್ದು. ಬೇರೆ ಯಾರನ್ನಾದ್ರೂ ಕೊಡು."